ನೀಲಮ್ಮನ ಕಡೀ ನುಡಿ

ಮೊನ್ನೆ ಶಾಪುರದಾಗ ಮೊಮ್ಮಗಳ ಸಾಲಿಗಿ ಹೋಗಿದ್ದೆ. ಆಕಿ ಸಂಗೀತದ ಟೀಚರು ಇನ್ನೂ ಎಳೀ ಹುಡುಗಿ. ನನ್ನ ಕಂಡ ಕೂಡಲೇ ಕುರ್ಚಿ ತಂದು ಹಾಕಿ “ಕೂಡ್ರಿ ಆಯಿ, ಪಾಠ ಕೇಳ್ರಿ” ಅಂದ್ಳು. ಕುಂತೆ. ಆಕಿ ಹಾರ್ಮೋನಿಯಮ್ಮಿನ ಮುಚ್ಚಳ ತಗದ್ಳು ನೋಡ್ರಿ, ಕರ್ಪೂರದ ವಾಸನಿ ಗಪ್ಪಂತ ಮೂಗಿಗಿ ಬಡೀತು. ಹುಳ ಬೀಳಬಾರದಂತ ಪೇಟಿಯೊಳಗ ಕರ್ಪೂರ ಇಡತಾರ. ಆ ವಾಸನಿ ತಗೊಂಡು ಎಷ್ಟು ವರ್ಷಾಗಿತ್ತೋ ಏನೋ.

ಪಾಠ ಮುಗಿಯೂಮುಂದ ಟೀಚರು ಮಕ್ಕಳಿಗಿ ಹೇಳಿದ್ಳು, “ನಾಳಿಗಿ ಒಬ್ಬೊಬ್ಬರು ಒಂದೊಂದು ಹಾಡು ಕಟ್ಟಿಕೊಂಡು ಬರ್ರಿ. ಸ್ವಂತದ್ದು ಇರಬೇಕು. ಕಡಿಗೆ ನಿಮ್ಮ ನಿಮ್ಮ ಹೆಸರು ಹಾಕ್ರಿ.” ನನಗ ತಡಕೊಳ್ಳಾಕ ಆಗಲಿಲ್ಲ. “ಹಾಡು ಕಟ್ಟಸವಾ, ಹೆಸರು ಮಾತ್ರ ಹಾಕಿಸಬ್ಯಾಡ” ಅಂದುಬಿಟ್ಟೆ. ಮಕ್ಕಳು ಕಿಸಕ್ಕಂತ ನಕ್ಕವು. ಮೊಮ್ಮಗಳಿಗಿ ನಾಚಿಕಿ ಆತು. ಟೀಚರು ಪಾಪ, “ಯಾಕ್ರಿ ಆಯಿ?” ಅಂತ ಕೇಳಿದ್ಳು. “ದೊಡ್ಡ ಕಥಿ ಅದ ಬಿಡು” ಅಂದು ಎದ್ದು ಬಂದೆ. ದೊಡ್ಡ ಕಥಿ ಏನಲ್ಲ ಅದು. ಒಂದು ಮಳಿಗಾಲ, ಅದರ ಬೆನ್ನಿಗಿ ಬಂದ ಒಂದು ಪಂಚಮಿ, ಇಷ್ಟ. ಆದ್ರ ನಮ್ಮಕ್ಕನ ಬಾಳೇವ ಎಲ್ಲಾ ಅದರಾಗ ಮುಗದುಹೋತು.

ನಾವು ಸುರಪುರದವರು. ನಾ ಹೇಳೋದು ನಿಜಾಮನ ಆಳಿಕಿ ಮುಗಿಯಾಕ ಬಂದಿದ್ದ ಕಾಲದ ಮಾತು. ಊರಾಗ ಸರ್ಕಾರಿ ಸಾಲಿ ಇತ್ತು, ಖರೆ, ಅಲ್ಲಿ ಎಲ್ಲಾ ಉರ್ದು. ಮನ್ಯಾಗ ಆಡೋ ಮಾತು ಒಂದು, ಸಾಲ್ಯಾಗ ಬರಿಯೋದು ಒಂದು, ಕಚೇರಿಗಿ ಹೋದ್ರ ಬೈಸಿಕೊಳ್ಳೋದೂ ಉರ್ದುದಾಗ. ಹೆಣ್ಣುಮಕ್ಕಳಿಗಿ ಅದೂ ಇದ್ದಿಲ್ಲ. ನಮ್ಮ ಮನ್ಯಾಗ ಅಪ್ಪ, ಅವ್ವ, ಅಪ್ಪನ ತಾಯಿ ಅಂದ್ರ ನಮ್ಮ ಆಯಿ, ಅಕ್ಕ ನೀಲಮ್ಮ, ಮತ್ತ ನಾನು ಗಂಗಿ. ಅಕ್ಕ ನನಗಿಂತ ನಾಕೈದು ವರ್ಷ ದೊಡ್ಡಾಕಿ. ಆಕಿನ್ನ ದೋರನಹಳ್ಳಿ ಗೌಡರ ಮನಿಗಿ ಕೊಡೋದು ಗೊತ್ತಾಗಿತ್ತು. ಮಳಿಗಾಲ ಮುಗದು ದೀಪಾವಳಿ ಆದ ಮ್ಯಾಲ ಲಗ್ನ ಅಂತ ಹಿರೇರು ಮಾತಾಡಿ ಎದ್ದಿದ್ರು. ಅಂದ್ರ ಅಕ್ಕಗ ತವರುಮನ್ಯಾಗ ಉಳದದ್ದು ಅದೊಂದ ಮಳಿಗಾಲ.

ಮಿರಗದ ಮಳಿ ಇನ್ನೇನು ಸುರು ಆಗೋ ಹೊತ್ತಿಗಿ ರಾಚಪ್ಪ ಮಾಸ್ತರ ಊರಿಗಿ ಬಂದ್ರು. ಅವರು ನಮ್ಮೂರವರ. ಸಣ್ಣವರಿದ್ದಾಗ ನಾಟಕದ ಕಂಪನಿ ಸೇರಿ, ಊರೂರು ತಿರುಗಿ ಪೇಟಿ ಬಾರಿಸಿದ್ರು. ಕಂಪನಿ ಮುಳುಗಿತು, ದಮ್ಮಿನ ಬ್ಯಾನಿ ಹತ್ತಿತು, ತಂಗಿ ಮನಿಗಿ ಬಂದು ಕುಂತ್ರು. ಆಳು ಗಿಡ್ಡ, ಕೋಟು ಉದ್ದ. ದಿನಾ ಸಂಜಿಮುಂದ ಮಠದ ಪಡಸಾಲ್ಯಾಗ ಪೇಟಿ ಇಟ್ಟುಕೊಂಡು ಓಣಿ ಮಕ್ಕಳಿಗಿ ಹಾಡು ಕಲಿಸಾಕ ಸುರು ಮಾಡಿದ್ರು. ಅಪ್ಪಗ ಹಾಡಂದ್ರ ಜೀವ. “ಹೋಗಿ ಬರಲಿ ಬಿಡು, ಮಠಾನ ಅಲ್ಲೇನು” ಅಂತ ಅವ್ವನ ಬಾಯಿ ಮುಚ್ಚಿಸಿ ನಮ್ಮಿಬ್ಬರನ್ನೂ ಕಳಿಸಿದ.

ಮೊದಲ ನಾಕು ದಿನ ಹಳೇ ಪದ ಹೇಳಿಕೊಟ್ರು. ಐದನೇದಿನ ಪೇಟಿ ಮುಚ್ಚಿ, “ಇನ್ನೊಬ್ಬರ ಪದ ಎಷ್ಟಂತ ಹಾಡತೀರಿ? ನಾಳಿಂದ ನೀವ ಕಟ್ರಿ” ಅಂದ್ರು. ನಾವು ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಪದ ಕಟ್ಟೋರು ಶರಣರು, ಸಾಧುಗಳು. ನಮ್ಮಂಥ ಮೂಗು ಸೋರೋ ಮಕ್ಕಳೇನು ಕಟ್ಟಾವು? ಮಾಸ್ತರ ಅಂದ್ರು, “ಏನೂ ಹುಡುಕಾಕ ಹೋಗಬ್ಯಾಡ್ರಿ. ಮನ್ಯಾಗ ಇವತ್ತು ಯಾರರ ಆಡಿದ ಮಾತು ಒಂದು, ಅವರು ಅಂದಾಂಗ ತರ್ರಿ. ಒಂದಕ್ಷರ ಬದಲ ಮಾಡಬಾರದು.”

ಮರುದಿನ ತಂದ್ವಿ ನೋಡ್ರಿ ಮಾತು. ಅತ್ತಾರರ ಹುಸೇನಿ “ಚಾ ಆರತದ, ಬಾರೋ ಲಗೂ” ಅಂತ ತಂದ. ನಾನು “ಎಮ್ಮಿ ಹಗ್ಗ ಹರಕೊಂಡದ” ಅಂತ ತಂದೆ. ಮಾಸ್ತರ ನಮ್ಮನ್ನ ಅದನ್ನ ಹೇಳಕೋತ ಪಡಸಾಲಿ ತುಂಬ ನಡಿಯಾಕ ಹಚ್ಚಿದ್ರು. “ಕಾಲಿಗಿ ಕೇಳ್ರಿ, ಕಾಲು ತಾಳ ಹೇಳತದ” ಅಂತಿದ್ರು. ನಡಕೋತ ನಡಕೋತ ಎಮ್ಮಿ ಹಗ್ಗ ಹರಕೊಂಡದ್ದೂ ಹಾಡಾಗಿ ಕುಣದುಬಿಡ್ತು. ಮಾಸ್ತರ ಹೊಟ್ಟಿ ಹಿಡಕೊಂಡು ನಕ್ಕು, ಕೆಮ್ಮಿ, ಮತ್ತ ನಕ್ಕರು. “ಗಂಗವ್ವನ ಎಮ್ಮಿ ಒಂದಿನ ಹೈದರಾಬಾದಿಗಿ ಹೋಗತದ” ಅಂತ ಕಾಡಿಸಿದ್ರು.

ಅಕ್ಕ ಅವತ್ತು ಏನೂ ತಂದಿದ್ದಿಲ್ಲ. ಮೂಲ್ಯಾಗ ಕಂಬಕ್ಕ ಆನಕೊಂಡು ಕುಂತಿದ್ಳು. ಆಕಿ ಮಾತ ಕಡಿಮಿ. ಮರುದಿನ ಮಳಿ ಬಂತು. ನಮ್ಮ ಕಡೆ ಮಳಿ ಅಂದ್ರ ಸುಮ್ಮನ ಬರೂದಲ್ಲ, ನಾಕು ತಿಂಗಳು ಸುಟ್ಟು ಕರಕಾಗಿಸಿ, ಆಮ್ಯಾಲ ಮಣ್ಣಿನ ಘಮಲು ಹೊತ್ತುಕೊಂಡು ಧಡಾಧಡಾ ಬಂದು ಬೀಳತದ. ಎರಚಲು ನಮ್ಮ ಮನಿ ಪಡಸಾಲಿ ತನಕ ಬಂತು. ಅವ್ವ ಬಾಗಲಾ ಹಾಕಾಕ ಎದ್ದಳು. ಆಯಿ ಕುಂತಲ್ಲಿಂದ ಅಂದ್ಳು, “ಬಾಗಲಾ ಹಾಕಬ್ಯಾಡ. ಮಗಳು ಬಂದಾಂಗ ಬಂದಾಳ ಮಳಿ.” ಅಕ್ಕ ಆ ಮಾತು ಹಿಡಕೊಂಡ್ಳು. ರೊಟ್ಟಿ ಬಡಿಯೂಮುಂದ ಅದ, ನೀರು ಸೇದೂಮುಂದ ಅದ. ಎಂಟು ದಿನದ ಮ್ಯಾಲ ಮಠದಾಗ ಎದ್ದು ನಿಂತು ಮೆಲ್ಲಕ ಹಾಡಿದ್ಳು:

ಬಾಗಲಾ ಹಾಕಬ್ಯಾಡ ಬ್ಯಾಸಗಿ ಹೋಗ್ಯಾದ
ತೊಯ್ದು ತವರೀಗಿ ಮಳಿ ಬಂದು ನಿಂತಾಳ
ಕೂಡಂತ ಮಣಿಯ ಕೊಡರವ್ವ

ಎಂದ ಹೋಗತಿ ಅಂತ ಕೇಳಬ್ಯಾಡ್ರಿ ಬಂದಾಕಿನ್ನ
ಮುಂದಿಟ್ಟ ರೊಟ್ಟಿ ಮುಟ್ಟದ ಎದ್ದಾಳ
ಅಂಗಳದ ಮಣ್ಣು ಒಣಗ್ಯಾದ

ಮಾಸ್ತರ ಪೇಟಿ ಮ್ಯಾಲಿನ ಕೈ ಹಂಗ ಬಿಟ್ಟು ಕುಂತಿದ್ರು. ಮಳಿ ಬಂದು ನಿಂತು ಹೋಗೋದು, ಮಗಳು ಬಂದು ಹೋಗೋದು ಎರಡೂ ಒಂದ ಅಂತ ನಮಗೇನು ತಿಳೀಬೇಕು. ಆದ್ರ ಲಗ್ನ ಗೊತ್ತಾದ ಹುಡುಗಿ ಬಾಯಾಗ ಆ ಮಾತು ಕೇಳಿ ನನಗ ಅಳು ಬಂತು, ಯಾಕಂತ ತಿಳೀಲಿಲ್ಲ. ಮಾಸ್ತರ ಕಡಿಗೆ ಇಷ್ಟ ಅಂದ್ರು, “ಇನ್ನೊಂದು ನುಡಿ ಬೇಕವಾ. ಹೆಸರಿನ ನುಡಿ.”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಪದ ಅಂದ್ರ ಕಡೀ ನುಡ್ಯಾಗ ಒಂದು ಹೆಸರು ಬರಬೇಕು. ಕಟ್ಟಿದವರ ಹೆಸರು, ಇಲ್ಲಾ ಅವರ ಗುರುವಿನ ಹೆಸರು, ಇಲ್ಲಾ ದೇವರದು. ಶಿಷ್ಯರು ಕಟ್ಟಿದ್ರ ಗುರುವಿನ ಹೆಸರು ಹಾಕೋದು ವಾಡಿಕಿ. ಹುಸೇನಿ, ನಾನು, ಉಳದ ಹುಡುಗರು ಎಲ್ಲಾ “ಗುರು ರಾಚಪ್ಪ” ಅಂತ ಹಾಕಿದ್ವಿ. ಅಕ್ಕನೂ ಹಂಗ ಹಾಕಿಕೊಂಡು ಬಂದ್ಳು. ಮಾಸ್ತರ ಒಪ್ಪಲಿಲ್ಲ. “ನಿಮ್ಮ ಎಮ್ಮಿ ಚಾ ಎಲ್ಲಾ ನನ್ನ ಹೆಸರಿಲೆ ನಡೀತದ, ಅವು ಆಟ. ಇದು ಆಟ ಅಲ್ಲ. ಇದಕ್ಕ ನಿನ್ನ ಹೆಸರು ಹಾಕು” ಅಂದ್ರು.

ಅವರಿಗಿ ಒಂದು ಗಾಯ ಇತ್ತು. ಕಂಪನ್ಯಾಗಿದ್ದಾಗ ಅವರು ಎಷ್ಟೋ ಹಾಡು ಕಟ್ಟಿದ್ರಂತ, ಮಾಲಕ ಎಲ್ಲಾದಕ್ಕೂ ತನ್ನ ಹೆಸರು ಹಾಕಿಕೊಂಡ. “ಯಾದಗಿರಿ ಸಂತ್ಯಾಗ ನನ್ನ ಹಾಡು ನನ್ನ ಮುಂದ ಹಾಡತಾರ, ನಂದಂತ ಹೇಳಿದ್ರ ನಗತಾರ. ಹೆಸರಿಲ್ಲದ ಪದ ತಬ್ಬಲಿ ಇದ್ದಂಗ, ಯಾರು ಬೇಕಾದ್ರೂ ಕೈ ಹಿಡದು ಕರಕೊಂಡು ಹೋಗತಾರ. ನಿಂದು ಹಂಗ ಆಗಬಾರದು.”

ಅಕ್ಕ ಮನಿಗಿ ಬಂದು ಅವ್ವನ್ನ ಕೇಳಿದ್ಳು. ಅವ್ವ ಕೈಯಾಗಿನ ಹಿಟ್ಟು ಹಂಗ ಇಟ್ಟುಕೊಂಡು ಮಠಕ್ಕ ನಡದ್ಳು. ನಾವು ಹಿಂದ ಓಡಿದ್ವಿ.

“ಮಾಸ್ತರ, ಹೆಣ್ಣಿನ ಹೆಸರು ಬಾಜಾರದಾಗ ಹಾಡಸ್ತೀರೇನ್ರಿ? ನಾಳಿಗಿ ಕೊಟ್ಟ ಮನಿಯವರು ಏನಂದಾರು?”

“ಅವ್ವಾ, ಕೆಟ್ಟ ಮಾತಿಲ್ಲ ಅದರಾಗ. ಮಳಿ ಪದ.”

“ಪದ ಛೊಲೊ ಅದ ಅಂತ ನನಗೂ ತಿಳೀತದ್ರಿ. ಛೊಲೊ ಇದ್ದದ್ದಕ್ಕ ಅಂಜಿಕಿ. ಅವರು ರೊಟ್ಟಿ ಬಡಿಯೋ ಸೊಸಿ ಬೇಕಂತ ಕೇಳ್ಯಾರ, ಪದ ಕಟ್ಟಾಕಿನ್ನಲ್ಲ. ಮತ್ತ ಹೆಸರು ಬದಲ ಮಾಡತೀವಂತ ಆಗಲೇ ಅಂದಾರ.”

“ಮಾಡಲಿ. ಕಟ್ಟಿದಾಗ ಆಕಿ ನೀಲಮ್ಮ. ಮುಂದ ಏನ ಆದ್ರೂ ಈ ಪದದಾಗ ಆಕಿ ನೀಲಮ್ಮಾಗೇ ಇರತಾಳ” ಅಂದ್ರು ಮಾಸ್ತರ.

ಅಕ್ಕ ಒಂದ ಮಾತು ಅಂದ್ಳು. “ಅವ್ವ, ಇದೊಂದು ಇರಲಿ. ಇನ್ನೇನೂ ಕೇಳಂಗಿಲ್ಲ.” ಅಕ್ಕ ಹಿಂದ ಎಂದೂ ಏನೂ ಕೇಳಿದಾಕಿ ಅಲ್ಲ. ಪಂಚಮಿ ಬಳಿನೂ ನನಗ ಆರಸಾಕ ಬಿಟ್ಟು ಉಳದದ್ದು ಇಟ್ಟುಕೊಳ್ಳಾಕಿ. ಅವ್ವನ ಮಾರಿ ಸಣ್ಣದಾತು. ಮನಿಗಿ ಬಂದ ಮ್ಯಾಲ ಆಯಿನೂ ಅಂದ್ಳು, “ನನ್ನ ಮಾತಿಲೆ ಹುಟ್ಟಿದ ಪದ. ಇರಲಿ ಬಿಡು, ಎಲ್ಲೆರ ಹರದು ತಿಂತದೇನು.” ಅವ್ವ ಒಪ್ಪಿದ್ಳು, ಒಂದು ಕರಾರಿನ ಮ್ಯಾಲ. ಈ ಹುಡುಗಿ ಪದ ಕಟ್ಟತಾಳಂತ ದೋರನಹಳ್ಯಾಗ ಯಾರೂ ಉಸುರೆತ್ತಬಾರದು, ಲಗ್ನ ಆದ ಮ್ಯಾಲೂ ಅಷ್ಟ. ಅಪ್ಪ, ಆಯಿ, ಮಾಸ್ತರ, ನಾನು ಎಲ್ಲಾರೂ ಹೂಂ ಅಂದ್ವಿ. ಅಕ್ಕ ಹೆಸರಿನ ನುಡಿ ಕಟ್ಟಿದ್ಳು:

ಸುರಪುರದ ಗುಡ್ಡದ ಮ್ಯಾಲ ಮೋಡ ಇಳಿದಾವ
ಕರದರ ಓ ಅಂತ ಬರತಾಳ ನೀಲಮ್ಮ
ತವರೀಗಿ ಪದವ ಕಟ್ಟ್ಯಾಳ

ಆ ಶ್ರಾವಣದಾಗ ಆ ಪದ ಊರ ತುಂಬ ಆತು. ಕಳೆ ತಗಿಯೋ ಹೆಣ್ಣಾಳು, ಬಾವಿಗಿ ಬರೋರು, ಬೀಸಾಕ ಕುಂತೋರು ಎಲ್ಲಾರ ಬಾಯಾಗೂ ಅದ. ಒಂದಿನ ಠಾಣೆದ ದಫೇದಾರ ಬಂದು ಮಠದ ಕಟ್ಟಿ ಮ್ಯಾಲ ಕುಂತ. ಆಗ ನಾಕು ಮಂದಿ ಕೂಡಿದ್ರ ಸಾಕು, ಸರ್ಕಾರಕ್ಕ ಗುಮಾನಿ. “ಏನ್ ಹಾಡಸಾಕತ್ತೀರಿ ಮಾಸ್ತರ? ಸರ್ಕಾರದ ಮ್ಯಾಲ ಏನರ ಅದ ಏನು?” ಅಂದ. “ಮಳಿ ಪದ, ಸಾಹೇಬ. ಮಳಿ ಸರ್ಕಾರದ ಮಾತು ಎಲ್ಲಿ ಕೇಳತದ್ರಿ” ಅಂತ ಮಾಸ್ತರ ನಕ್ಕು ನಮಗ ಹಾಡಾಕ ಹೇಳಿದ್ರು. ದಫೇದಾರ ಪೂರಾ ಕೇಳಿದ. ಎದ್ದು ಹೋಗೂಮುಂದ “ನನ್ನ ಮಗಳನ್ನ ಗುಲಬರ್ಗಾಕ್ಕ ಕೊಟ್ಟೀನಿ” ಅಂದ. ಅಕ್ಕ ಅವತ್ತು ಮನಿ ತನಕ ನಕ್ಕೋತ ಬಂದ್ಳು. ಆಕಿ ಹಂಗ ನಕ್ಕದ್ದು ನಾ ಮತ್ತ ನೋಡಿಲ್ಲ.

ಉತ್ತರಿ ಮಳಿ, ಹಸ್ತದ ಮಳಿ ಎಲ್ಲಾ ಆದವು. ಜ್ವಾಳ ಮೊಣಕಾಲುದ್ದ ಬಂತು. ದೀಪಾವಳಿ ಆದ ಮ್ಯಾಲ ದೋರನಹಳ್ಳಿಯಿಂದ ಬಂಡಿ ಕಟ್ಟಿಕೊಂಡು ಬೀಗರು ಬಂದ್ರು. ನಮ್ಮ ಮನಿ ಮುಂದ ಹಂದರದಾಗ ಲಗ್ನ. ಅಕ್ಷತಿ ಬಿದ್ದ ಮ್ಯಾಲ ಅವರ ಕಡೆ ಹಿರೇರೊಬ್ಬರು “ಇವತ್ತಿಂದ ಹುಡುಗಿ ಹೆಸರು ಶಾಂತಮ್ಮ” ಅಂತ ಕೂಗಿ ಹೇಳಿದ್ರು. ಮುತ್ತೈದೇರು ಆಕಿನ್ನ ಆ ಹೆಸರಿಲೆ ಕರದ್ರು. ಅಕ್ಕ ಓ ಅನ್ನಾಕ ಜರಾ ತಡಾ ಮಾಡಿದ್ಳು. ನಮ್ಮ ಸೋದರತ್ತಿ ಚಾಷ್ಟಿಗಿ ಕೇಳಿದ್ಳು, “ನಮ್ಮ ನೀಲಮ್ಮ ಅನ್ನೋ ಹೆಸರಿಗಿ ಏನಾಗಿತ್ತರೆವ್ವಾ?” ಬೀಗರ ಕಡೆ ಹೆಣ್ಣುಮಕ್ಕಳು ಸೆರಗು ಬಾಯಿಗಿ ಹಿಡದು ನಕ್ಕರು. ಒಬ್ಬಾಕಿ ಅಂದ್ಳು, “ಅತ್ತಿ ಹೆಸರೂ ಅದ ಐತೆವ್ವ. ಒಂದ ಮನ್ಯಾಗ ಇಬ್ಬರು ನೀಲಮ್ಮ ಆದ್ರ ಅತ್ತಿ ಸೊಸೀನ್ನ ಬೈಯೂದು ಹೆಂಗ? ತನ್ನ ಹೆಸರು ತಾನ ಹಿಡದು ಬೈಕೋಬೇಕು.”

ಹಂದರ ಎಲ್ಲಾ ನಕ್ಕಿತು. ಅವ್ವನೂ ನಕ್ಕಳು. ಅಲ್ಲಿತನಕ ನಮಗ ಆ ಹೆಣ್ಣುಮಗಳ ಹೆಸರು ಗೊತ್ತಿದ್ದಿಲ್ಲ. ಯಾರು ಕೇಳತಾರ್ರಿ ಬೀಗತಿ ಹೆಸರು? ದೋರನಹಳ್ಳಿ ಗೌಡಶಾನಿ ಅಂದ್ರ ಮುಗೀತು. ನಕ್ಕೋತ ಇದ್ದಾಗ ಅಕ್ಕ ತಲಿ ಎತ್ತಿ ದೂರ ಕಂಬದ ಹತ್ರ ನಿಂತಿದ್ದ ಮಾಸ್ತರನ್ನ ನೋಡಿದ್ಳು. ಮಾಸ್ತರ ನಗಾಕತ್ತಿದ್ದಿಲ್ಲ. ಅವರಿಗಿ ಆಗಲೇ ತಿಳದಿತ್ತೋ ಏನೋ. ನನಗ ತಿಳೀಲಿಲ್ಲ.

ಅಕ್ಕ ಹೋದ ಮ್ಯಾಲ ಮನಿ ಭಣಭಣ ಅನ್ನತಿತ್ತು. ಮಾಸ್ತರ ಮಾತ್ರ ಹೊಸ ಮಕ್ಕಳಿಗೆಲ್ಲಾ ಮೊದಲು ಅದ ಪದ ಕಲಿಸಿದ್ರು. “ಇದು ನಮ್ಮ ನೀಲಮ್ಮಂದು. ನಿಮ್ಮಂಗ ಇಲ್ಲೇ ಕುಂತು ಕಲತಾಕಿ” ಅಂತ ಹೇಳಿ ಕಲಿಸ್ತಿದ್ರು. ಚಳಿಗಾಲ ಹೋತು, ಬ್ಯಾಸಗಿ ಹೋತು. ಮುಂದಿನ ಶ್ರಾವಣದಾಗ ಪಂಚಮಿಗಿ ಅಪ್ಪ ಬಂಡಿ ಹೂಡಿ ಅಕ್ಕನ್ನ ಕರಕೊಂಡು ಬಂದ. ಜೋಡೀಲೆ ಆಕಿ ನಾದಿನಿ ಒಬ್ಬಾಕಿ ಬಂದಿದ್ಳು, ನನ್ನ ವಾರಿಗಿ ಹುಡುಗಿ, ಬಾಯಿ ಜೋರು. ಅಕ್ಕ ಸ್ವಲ್ಪ ಬಡವಾಗಿದ್ಳು. ಕೈ ಒರಟಾಗಿದ್ದವು. ಆಯಿ ಆಕಿ ಮಾರಿ ಎರಡೂ ಕೈಲೆ ಹಿಡದು “ನೀಲಾ” ಅಂದ್ಳು. ಅಕ್ಕ ಗಾಬರಿಯಾಗಿ ನಾದಿನಿ ಕಡೆ ನೋಡಿ, “ಶಾಂತಾ ಅನ್ನು ಆಯಿ” ಅಂದ್ಳು.

ಹಬ್ಬದ ದಿನ ಮಧ್ಯಾಹ್ನ ಬೇವಿನಗಿಡಕ್ಕ ಜೋಕಾಲಿ ಕಟ್ಟಿದ್ವಿ. ಓಣಿ ಹೆಣ್ಣುಮಕ್ಕಳೆಲ್ಲಾ ಕೂಡಿದ್ರು. ಅಷ್ಟರಾಗ ಮಾಸ್ತರ ಬಂದ್ರು. ದಮ್ಮು ಹತ್ತಿ ಎದಿ ಮ್ಯಾಲ ಕೆಳಗ ಆಗತಿತ್ತು, ಆದ್ರೂ ಪೇಟಿ ತಾವ ಹೊತ್ತುಕೊಂಡು ಬಂದಿದ್ರು. ಕಟ್ಟಿ ಮ್ಯಾಲ ಕುಂತು, “ಹಾಡವಾ. ನಿನ್ನ ಬಾಯಿಲೆ ಕೇಳಿ ವರ್ಷ ಆಗಾಕ ಬಂತು” ಅಂದ್ರು.

ಅಕ್ಕ ಮೊದಲು ಒಲ್ಲೆ ಅಂದ್ಳು. ಎಲ್ಲಾರೂ ಕಾಡಿದ್ರು. ಕಡಿಗೆ ಸುರು ಮಾಡಿದ್ಳು. ದನಿ ಮೊದಲಿಗಿಂತ ಭಾರ ಆಗಿತ್ತು. ಹ್ವಾದ ವರ್ಷ ಕಟ್ಟಿದಾಗ ಆಕಿಗಿ ತವರು ಬಿಟ್ಟು ಹೋಗೋದು ಬರೇ ಕೇಳಿ ಗೊತ್ತಿತ್ತು, ಈಗ ಹೋಗಿ ಬಂದು ಹಾಡಾಕತ್ತಿದ್ಳು. ರೊಟ್ಟಿ ಮುಟ್ಟದ ಎದ್ದಾಳ ಅನ್ನೂಮುಂದ ಅವ್ವ ಒಳಗ ಹೋದ್ಳು. ಹೆಸರಿನ ನುಡಿ ಬಂತು. “ಕರದರ ಓ ಅಂತ ಬರತಾಳ” ಅಂದ್ಳು, ಬಾಯಿ ಮುಚ್ಚಿದ್ಳು. ಪೇಟಿ ಒಂದ ದನಿ ಹಿಡಕೊಂಡು ನಿಂತಿತು. ಅಕ್ಕ ಹೆಸರು ಬಿಟ್ಟು ಮುಂದಿನ ಸಾಲು ಹಾಡಿದ್ಳು.

ತವರುಮನ್ಯಾಗರ ಅಂದಾಳು ಅಂತ ಮಾಸ್ತರ ಮತ್ತ ಆ ಸಾಲು ತಿರುವಿ ಬಾರಿಸಿದ್ರು. ಅಕ್ಕ ಮತ್ತ ಅಲ್ಲೇ ಬಾಯಿ ಮುಚ್ಚಿದ್ಳು. ಮಾಸ್ತರ ತಾವ ಹೇಳಿಕೊಟ್ರು, “ನೀಲಮ್ಮ, ನೀಲಮ್ಮ ಅನ್ನವಾ.”

ಜೋಕಾಲಿ ಮ್ಯಾಲ ಕುಂತಿದ್ದ ನಾದಿನಿ ನಕ್ಕು ಅಂದ್ಳು, “ಹೆಂಗ ಅಂದಾಳ್ರಿ ಮಾಸ್ತರ? ಅತ್ತಿ ಹೆಸರು ಸೊಸಿ ಬಾಯಾಗ ತಗೀತಾಳೇನ್ರಿ ಎಲ್ಲೆರ? ಅದು ನಮ್ಮವ್ವನ ಹೆಸರು. ಈ ಪದಾನ ನಮ್ಮವ್ವಂದು. ಊರಾಗ ಯಾರನ್ನ ಬೇಕಾದ್ರೂ ಕೇಳ್ರಿ.”

ಓಣಿ ಹೆಣ್ಣುಮಕ್ಕಳೆಲ್ಲಾ ಅಕ್ಕನ್ನ ನೋಡಿದ್ರು, ಯಾಕಂದ್ರ ಅವರಿಗೆಲ್ಲಾ ಗೊತ್ತಿತ್ತು. ಅವ್ವ ಬಾಗಲದಾಗ ಬಂದು ನಿಂತಿದ್ಳು, ಆಕಿ ಕಣ್ಣಾಗ ಅಂಜಿಕಿ ಎದ್ದು ಕಾಣತಿತ್ತು. ನಾನು ಬಾಯಿ ತಗದೆ. ಅಕ್ಕ ನನ್ನ ತೋಳು ಹಿಡದು ಹಿಂದಕ ಎಳದ್ಳು. ಆಮ್ಯಾಲ ಮಾಸ್ತರ ಮಾರಿ ನೋಡಿ ತಣ್ಣಗ ಅಂದ್ಳು, “ಹೌದ್ರಿ. ನಮ್ಮತ್ತೇರದು.”

ಮಾಸ್ತರ ಪೇಟಿ ಮುಚ್ಚಿದ್ರು. ಚಿಲಕ ಹಾಕಾಕ ಅವರ ಕೈಲೆ ಆಗಲಿಲ್ಲ, ಹುಸೇನಿ ಹಾಕಿದ.

ಸಂಜಿಮುಂದ ಬಾವಿ ಹತ್ರ ಇಬ್ಬರ ಇದ್ದಾಗ ನಾ ಅಕ್ಕನ ಮ್ಯಾಲ ಹರಿಹಾಯ್ದೆ. “ಯಾಕ ಹಂಗ ಅಂದಿ? ನಿಂದಲ್ಲೇನು ಅದು?” ಅಕ್ಕ ಹಗ್ಗ ಬಿಡಕೋತ ಹೇಳಿದ್ಳು. ಆಕಿ ಹೋಗೂಕಿಂತ ಮೊದಲ ಪದ ದೋರನಹಳ್ಳಿಗಿ ಹೋಗಿತ್ತಂತ. ನಮ್ಮೂರ ಸಂತಿಗಿ ಬಂದ ಹೆಣ್ಣಾಳು ಕಲತು ಒಯ್ದಿದ್ರು. ಗೌಡಶಾನಿ ತನ್ನ ಹೆಸರು ಅದರಾಗ ಕೇಳಿ ಹಿಗ್ಗಿಹ್ವಾದ್ಳಂತ. ಮೊದಮೊದಲು “ನನ್ನ ಹೆಸರಿನ ಪದ” ಅಂತಿದ್ಳು. ಊರ ಹೆಂಗಸರು “ನೀನ ಕಟ್ಟೀಯೇನವ್ವ” ಅಂತ ಚಾಷ್ಟಿ ಮಾಡಿದ್ರು. ಚಾಷ್ಟಿ ಮಾಡತ ಮಾಡತ ಅದ ಖರೇ ಆಗಿಬಿಡ್ತು.

“ಮೊದಲನೇ ದಿನ ಬೀಸಾಕ ಕುಂತಾಗ ಅತ್ತೆವ್ವನ ಬಾಯಾಗ ಕೇಳಿದೆ ಗಂಗೀ. ಹಿಗ್ಗಿಲೆ ನಾನೂ ದನಿ ಕೂಡಿಸಿದೆ. ಸುರಪುರದ ಗುಡ್ಡ ಅಂದೆ. ಆಕಿ ಕಲ್ಲು ನಿಲ್ಲಿಸಿ, ನಮ್ಮ ಶಾಪುರದ ಗುಡ್ಡ ಅನ್ನಬೇಕವಾ, ತಪ್ಪು ಹಾಡಬಾರದು ಅಂದ್ಳು. ಮುಂದ ಹೆಸರು ಬಂತು. ನನ್ನ ನಾಲಿಗಿ ತುದಿ ತನಕ ಬಂದಿತ್ತು. ನುಂಗಿಕೊಂಡೆ.”

“ನಂದು ಅಂತ ಹೇಳಬೇಕಿಲ್ಲ?”

“ಹೇಳಿದ್ರ ಅವ್ವ ಮುಚ್ಚಿಟ್ಟದ್ದು ಹೊರಗ ಬೀಳತದ. ನಾಳಿಗಿ ಇನ್ನೇನೇನು ಮುಚ್ಚಿಟ್ಟು ಕೊಟ್ಟಾರ ಅಂತ ಕೇಳತಾರ.” ಆಕಿ ನೀರು ಸೇದಿ ಕೊಡಕ್ಕ ಹಾಕಿದ್ಳು. “ಮತ್ತ ಆಕಿ ಕೆಟ್ಟಾಕಿ ಅಲ್ಲ ಗಂಗೀ. ಮಾವ ಆಕಿನ್ನ ಏ ಇವಳೇ ಅಂತಾರ. ಮಕ್ಕಳು ಅವ್ವ ಅಂತಾರ. ಊರವರು ಗೌಡಶಾನಿ ಅಂತಾರ. ಆಕಿನ್ನ ಹೆಸರು ಹಿಡದು ಕರಿಯೋದು ಆ ಪದ ಒಂದ. ಅದನ್ನ ಹಾಡೂಮುಂದ ಆಕಿ ಮಾರಿ ನೋಡಬೇಕು ನೀ. ಹುಡುಗಿ ಆಗಿಬಿಡತಾಳ. ಹೆಂಗ ಕಸಗೊಳ್ಳಲಿ?”

ನನಗ ಸಿಟ್ಟು ಇಳೀಲಿಲ್ಲ. “ಮತ್ತ ನಿನ್ನ ಯಾರು ಕರೀತಾರ?” ಅಂದೆ. ಅಕ್ಕ ಕೊಡ ಎತ್ತಿ ಟೊಂಕಕ್ಕ ಇಟ್ಟುಕೊಂಡ್ಳು. “ಶಾಂತಮ್ಮ ಅಂತ ಕರೀತಾರಲ್ಲ” ಅಂದ್ಳು. ಯಾರನ್ನ ಬೈಯಬೇಕು ಅಂತ ಎಷ್ಟೋ ವರ್ಷ ವಿಚಾರ ಮಾಡೀನಿ. ಅವ್ವನ್ನ ಬೈಯಲ್ಯಾ, ಮಗಳ ಬಾಳೇವ ಕೆಡಬಾರದಂತ ಬಾಯಿ ಕಟ್ಟಿದ್ದಕ್ಕ? ಗೌಡಶಾನಿನ್ನ ಬೈಯಲ್ಯಾ? ಮಾಸ್ತರನ್ನ? ಅವರು ಗುರುವಿನ ಹೆಸರು ಹಾಕಿಸಿದ್ರ ನಮ್ಮಕ್ಕ ಸಾಯೋತನಕ ಆ ಪದ ಬಾಯಿ ತುಂಬ ಹಾಡತಿದ್ಳು. ಕಳೀಬಾರದಂತ ಹೆಸರು ಕಟ್ಟಿದ್ರು, ಆ ಹೆಸರ ಆಕಿ ಬಾಯಿ ಕಟ್ಟಿತು.

ಮಾಸ್ತರಿಗಿ ಅದು ನನಗಿಂತ ಛೊಲೊ ಗೊತ್ತಿತ್ತು. ಅಕ್ಕ ಹೊಳ್ಳಿ ಹೋಗೋ ದಿನ ಬಂಡಿ ಹತ್ರ ಬಂದು ನಿಂತ್ರು. ನಾದಿನಿ ಒಳಗಿದ್ಳು. ಮೆಲ್ಲಕ ಅಂದ್ರು, “ತಪ್ಪಾತವಾ ನಂದು. ಇನ್ನೊಂದು ಕಟ್ಟು. ಯಾರ ಹೆಸರೂ ಹಾಕೂದು ಬ್ಯಾಡ. ಬರೇ ಕಟ್ಟು, ಸಾಕು.”

ಅಕ್ಕ ಬಗ್ಗಿ ಅವರ ಕಾಲು ಮುಟ್ಟಿದ್ಳು. “ಮಾತು ಕೇಳಸ್ತಾವ್ರಿ ಮಾಸ್ತರ. ದಿನಾ ಕೇಳಸ್ತಾವ. ನಮ್ಮ ಮಾವ ಎತ್ತಿಗಿ ಅನ್ನೋ ಮಾತು, ಅತ್ತೆವ್ವ ಒಲಿಗಿ ಅನ್ನೋ ಮಾತು. ನೀವು ಹೇಳಿದಂಗ ಹಿಡಕೊಂಡು ನಡಕೋತ ಹೋಗತೀನಿ. ಎರಡು ನುಡಿ ಆಗತದ. ಆಮ್ಯಾಲ ಕಡೀ ನುಡಿ ನೆನಪಾಗತದ, ಬಿಟ್ಟುಬಿಡತೀನಿ.” ಇಷ್ಟು ಹೇಳಿ ಬಂಡಿ ಹತ್ತಿದ್ಳು. ಮಾಸ್ತರ ಊರ ಅಗಸಿ ಬಾಗಲ ತನಕ ಬಂಡಿ ಹಿಂದ ನಡಕೋತ ಹೋದ್ರು. ಅವತ್ತಿಂದ ಅವರು ಹಾಡೋದು ಕಲಿಸಿದ್ರು, ಕಟ್ಟೋದು ಯಾರಿಗೂ ಕಲಿಸಲಿಲ್ಲ. ಎರಡು ವರ್ಷದಾಗ ದಮ್ಮು ಅವರನ್ನ ತಗೊಂಡು ಹೋತು. ಅದರ ಹಿಂದ ನಿಜಾಮನ ಸರ್ಕಾರನೂ ಹೋತು. ಸಾಲ್ಯಾಗ ಕನ್ನಡ ಬಂತು.

ಅಕ್ಕ ಭಾಳ ವರ್ಷ ಬಾಳಿದ್ಳು. ಮಕ್ಕಳು, ಮೊಮ್ಮಕ್ಕಳು, ಎಲ್ಲಾ ನೋಡಿದ್ಳು. ಅತ್ತಿ ಸತ್ತು ಎಷ್ಟೋ ವರ್ಷ ಆದ ಮ್ಯಾಲ ನಾನು ಒಮ್ಮೆ ಕಾಡಿಬೇಡಿ “ಈಗರ ಹಾಡ” ಅಂದೆ. ರಾಗ ಬಂತು, ಹೆಸರು ಬರಲಿಲ್ಲ. “ಬಾಯಾಗ ಬರವಲ್ದು ಗಂಗೀ” ಅಂದು ನಕ್ಕಳು.

ಆಕಿ ಹೋದ ಸುದ್ದಿ ಬಂದಾಗ ನಾನು ಮೊದಲನೇ ಬಸ್ಸಿಗಿ ದೋರನಹಳ್ಳಿಗಿ ಹೋದೆ. ಅಕ್ಕನ್ನ ಪಡಸಾಲ್ಯಾಗ ಗ್ವಾಡಿಗಿ ಆನಿಸಿ ಕುಂಡಿಸಿ, ಕೊರಳಿಗಿ ಹೂವ ಹಾಕಿದ್ರು. ಮುಂದ ಊರ ಭಜನಿ ಮ್ಯಾಳ ಕುಂತಿತ್ತು. ನಾಕೈದು ಪದ ಆದವು. ಆಮ್ಯಾಲ ಪೇಟಿ ಬಾರಿಸೋ ಹುಡುಗ ಕೈ ಮುಗದು ಅಂದ, “ಈಗ ನಮ್ಮೂರಿನ ಪದ ಒಂದು. ಇದನ್ನ ಕಟ್ಟಿದವರು ಈ ತಾಯಿಯವರ ಅತ್ತಿ, ದೊಡ್ಡ ಗೌಡಶಾನಿ ನೀಲಮ್ಮನವರು.”

ಎದ್ದು ನಿಂತೆ. “ಈಕೀನ ನೀಲಮ್ಮ” ಅಂದೆ. “ಈಕೀನ ಕಟ್ಟ್ಯಾಳ. ನಾ ಅಲ್ಲೇ ಇದ್ದೆ, ನಾ ನೋಡೀನಿ.”

ಹುಡುಗ ಒಳ್ಳೇವ. ಮರ್ಯಾದಿಲೆ ಅಂದ, “ಇಲ್ರಿ ಆಯಿ. ಕಡೀ ನುಡಿ ಕೇಳ್ರಿ, ಹೆಸರ ಅದ ಅದರಾಗ. ಇವರು ಶಾಂತಮ್ಮ ಅಲ್ಲೇನ್ರಿ.” ಅಕ್ಕನ ಮಕ್ಕಳು ನನ್ನ ನೋಡಿದ್ರು. ಸೊಸೇರು ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ದುಃಖದಾಗ ಮುದುಕಿಗಿ ತಲಿ ತಿರುಗೇದ ಅಂತ ಅವರ ಕಣ್ಣಾಗ ಇತ್ತು. ಹಿರೇ ಮಗ ಬಂದು ನನ್ನ ಭುಜ ಹಿಡದು ಮೆಲ್ಲಕ ಕುಂಡಿಸಿದ. ಯಾರೋ “ಆಯಿಗಿ ನೀರು ಕೊಡ್ರಿ” ಅಂದ್ರು. ಪದ ಸುರು ಆತು.